ನಾಲ್ಕು ಗಂಟೆಯವರೆಗಿನ ಲೈನ್ ಕ್ಲಿಯರ್

ಆ ಮಧ್ಯಾಹ್ನ ನಾನು ಕೆಲಸಕ್ಕೆ ಹೋಗದೇ ಇದ್ದಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಹೊನ್ನಾಳಿಯ ಡಾಕ್ಟರು ಕೊಟ್ಟ ಎಚ್ಚರಿಕೆಯಿತ್ತು, ಹೊರಗೆ ಹೆಂಚು ಕಿತ್ತು ಎಸೆಯುವ ಗಾಳಿಯಿತ್ತು, ಬಾಗಿಲಿಗೆ ಅಡ್ಡ ನಿಂತ ಬಾಡಿಗೆ ಮನೆಯ ಯಜಮಾನಿಯೂ ಇದ್ದರು. ಸರ್ಕಾರಿ ನೌಕರಿಯಲ್ಲಿ ಮನೆಯಲ್ಲಿರಲು ಇಷ್ಟು ನೆಪಗಳು ಒಟ್ಟಿಗೆ ಕೂಡಿ ಬರುವುದು ಅಪರೂಪ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಾನು ನ್ಯಾಮತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಕ್ಸ್‌ಚೇಂಜ್ ಎಂದರೆ ದೊಡ್ಡ ಕಟ್ಟಡವೇನಲ್ಲ. ಬಾಡಿಗೆ ಮನೆಯೊಂದರ ಮುಂದಿನ ಕೋಣೆ, ಅದರಲ್ಲಿ ಬೀರುವಿನಷ್ಟು ಎತ್ತರದ ಒಂದು ಬೋರ್ಡು. ಊರಿನ ಒಂದೊಂದು ಫೋನಿಗೂ ಬೋರ್ಡಿನಲ್ಲಿ ಒಂದೊಂದು ತೂತು, ಪ್ರತಿ ತೂತಿನ ಮೇಲೂ ಉಗುರಿನಗಲದ ತಗಡಿನ ಮುಚ್ಚಳ. ಅದನ್ನು ಶಟರ್ ಎನ್ನುತ್ತಿದ್ದೆವು. ಮಂಡಿ ಸಾಹುಕಾರರು ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಶಟರ್ ಟಕ್ಕೆಂದು ಬೀಳುವುದು. ನಾವು ಆ ತೂತಿಗೆ ಪ್ಲಗ್ಗು ಚುಚ್ಚಿ ಯಾರು ಬೇಕೆಂದು ಕೇಳಿ, ಇನ್ನೊಂದು ಪ್ಲಗ್ಗನ್ನು ಅವರು ಹೇಳಿದವರ ತೂತಿಗೆ ಚುಚ್ಚಿ ಗಂಟೆ ಬಾರಿಸಬೇಕು. ನಂಬರ್ ಹೇಳುವ ಅಭ್ಯಾಸ ಊರಿನವರಿಗೆ ಇರಲಿಲ್ಲ. ‘ನಮ್ಮ ಭಾವನ ಮನೆಗೆ ಕೊಡ್ರಿ’ ಎನ್ನುವರು. ಯಾರಿಗೆ ಯಾರು ಭಾವ ಎಂದು ತಿಳಿದಿರುವುದೂ ನಮ್ಮ ಕೆಲಸದಲ್ಲೇ ಸೇರಿತ್ತು. ಊರಾಚೆ ಮಾತಾಡಲು ಎರಡೇ ಟ್ರಂಕ್ ಲೈನು, ಒಂದು ಹೊನ್ನಾಳಿಗೆ, ಇನ್ನೊಂದು ಶಿವಮೊಗ್ಗಕ್ಕೆ.

ಈ ಲೈನುಗಳೆಲ್ಲ ಬರೀ ಬಯಲಿನ ತಂತಿಗಳು. ಮೈಲಿಗಟ್ಟಲೆ ದೂರದಲ್ಲಿ ಸಿಡಿಲು ಹೊಡೆದರೂ ಅದರ ಪೆಟ್ಟು ತಂತಿ ಹಿಡಿದು ಬೋರ್ಡಿಗೆ ಬರುತ್ತಿತ್ತು. ಆಗ ಶಟರುಗಳೆಲ್ಲ ಒಮ್ಮೆಗೇ ಪಟಪಟನೆ ಬೀಳುವುವು. ಯಾವುದು ಸಿಡಿಲಿಗೆ ಬಿದ್ದದ್ದು, ಯಾವುದು ನಿಜವಾಗಿ ಯಾರೋ ಕರೆದದ್ದು ಎಂದು ಹೇಳಲು ಬ್ರಹ್ಮನಿಂದಲೂ ಆಗದು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗುಡುಗು ಹತ್ತಿರವಾಯಿತೆಂದರೆ ಪ್ಲಗ್ಗುಗಳನ್ನೆಲ್ಲ ಕಿತ್ತು, ಹೆಡ್‌ಸೆಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿ, ಸ್ಟೂಲು ಹಿಂದಕ್ಕೆ ಎಳೆದುಕೊಂಡು ಕೈಕಟ್ಟಿ ಕೂರುವುದು. ಬಿದ್ದ ಶಟರುಗಳನ್ನು ಯಾರನ್ನೂ ವಿಚಾರಿಸದೆ ಮೇಲಕ್ಕೆ ದಬ್ಬುವುದು. ಇದು ಯಾವ ನಿಯಮದ ಪುಸ್ತಕದಲ್ಲಿತ್ತೋ ಇಲ್ಲವೋ ಗೊತ್ತಿಲ್ಲ. ನಾನು ಚನ್ನಗಿರಿಯಲ್ಲಿ ಕೆಲಸ ಕಲಿತಾಗಲೂ ಹೀಗೇ ಕಲಿತೆ.

ಹಿಂದಿನ ತಿಂಗಳು ಮೋಡವೇ ಇಲ್ಲದ ಒಂದು ಸಂಜೆ ನನಗೆ ಪೆಟ್ಟು ಬಿದ್ದಿತ್ತು. ಎಲ್ಲೋ ಶಿಕಾರಿಪುರದ ಕಡೆ ಹೊಡೆದ ಸಿಡಿಲು ಹೆಡ್‌ಸೆಟ್ಟಿನಲ್ಲಿ ಎಡಗಿವಿಗೆ ಬಡಿಯಿತು. ಆಮೇಲೆ ಆ ಕಿವಿಯಲ್ಲಿ ಜೀರುಂಡೆ ಕೂಗುವುದು ನಿಲ್ಲಲಿಲ್ಲ. ಮೆಲುದನಿ ಒಂದೂ ಕೇಳುತ್ತಿರಲಿಲ್ಲ. ಇನ್ನೊಂದು ಪೆಟ್ಟು ಬಿದ್ದರೆ ಇದರ ಆಸೆ ಬಿಡಬೇಕು, ಬಲಗಿವಿಯನ್ನಾದರೂ ಜೋಪಾನ ಮಾಡಿ ಎಂದು ಹೊನ್ನಾಳಿಯ ಡಾಕ್ಟರು ಹೇಳಿದ್ದರು. ಕಿವಿಯೇ ಅನ್ನ ಹಾಕುವ ನೌಕರಿಯಲ್ಲಿ ಇಂಥ ಮಾತು ಕೇಳಿ ಬಂದವಳಿಗೆ ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಆಕಾಶದಲ್ಲಿ ಒಂದು ಕಪ್ಪು ಮೋಡ ಕಂಡರೂ ಬಲಗಿವಿ ಮುಚ್ಚಿಕೊಳ್ಳುತ್ತಿದ್ದೆ.

ಆ ದಿನದ ಹಿಂದಿನ ರಾತ್ರಿಯೇ ಒಂದು ದೊಡ್ಡ ಗಾಳಿ ಬೀಸಿ ಊರಿನ ಕರೆಂಟು ಹೋಗಿತ್ತು. ಬೆಳಿಗ್ಗೆ ಬಿಸಿಲು ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಪಡುವಣ ದಿಕ್ಕು ಕಪ್ಪಾಯಿತು. ನನ್ನ ಪಾಳಿ ಎರಡು ಗಂಟೆಗೆ. ನಾನು ಸೀರೆ ಉಟ್ಟು ಹೊರಡುವುದಕ್ಕೂ ಗಾಳಿ ನುಗ್ಗುವುದಕ್ಕೂ ಸರಿಹೋಯಿತು. ಎದುರು ಮನೆಯ ತಗಡು ಹಾರಿ ಬಂದು ನಮ್ಮ ಕಟ್ಟೆಗೆ ಬಡಿಯಿತು. ಅದರ ಹಿಂದೆಯೇ ಆಲಿಕಲ್ಲು.

ಮನೆ ಯಜಮಾನಿ ಬಾಗಿಲ ಅಗುಳಿ ಹಾಕಿ ಅಲ್ಲೇ ನಿಂತುಬಿಟ್ಟರು. “ನಿಂಗೇನ್ ತಲೆ ಕೆಟ್ಟೈತಾ? ಇರಾವು ಎರಡು ಕಿವಿ. ಒಂದು ಕೊಟ್ಟು ಬಂದೀಯಾ. ಇನ್ನೊಂದನ್ನೂ ಸರ್ಕಾರಕ್ಕೆ ಕೊಡಾಕೆ ಹೊಂಟೀಯೇನು?” ಎಂದರು.

ನಾನು ಚೀಲ ಕೆಳಗಿಟ್ಟು ಕುಳಿತೆ. ಸುಳ್ಳು ಹೇಳುವುದಿಲ್ಲ, ಕುಳಿತಾಗ ಮನಸ್ಸಿಗೆ ಹಾಯೆನಿಸಿತು. ಹೋಗಿ ಮಾಡುವುದಾದರೂ ಏನು? ಹೆಡ್‌ಸೆಟ್ಟು ಮೊಳೆಗೆ ಹಾಕಿ ಕೈಕಟ್ಟಿ ಕೂರುವುದಕ್ಕೆ ಈ ಗಾಳಿಯಲ್ಲಿ ಹೋಗಬೇಕೆ? ಆದರೆ ಬೆಳಗಿನ ಪಾಳಿಯಲ್ಲಿದ್ದ ಹಿರಿಯ ಆಪರೇಟರು ನೆನಪಾಗುತ್ತಿದ್ದರು. ಬದಲಿಯವರು ಬಂದು ಕೂರುವವರೆಗೆ ಕೂತವರು ಏಳುವಂತಿಲ್ಲ. ನಾನು ಹೋಗದಿದ್ದರೆ ಅವರು ರಾತ್ರಿಯವರೆಗೂ ಅಲ್ಲೇ ಕೂತಿರುತ್ತಾರೆ, ಮಾರನೆಯ ದಿನ ನನ್ನನ್ನು ಒಂದು ಮಾತೂ ಅನ್ನುವುದಿಲ್ಲ. ಅವರು ಜಗಳೂರಿನಲ್ಲಿದ್ದಾಗ ಇಂಥದೇ ಪೆಟ್ಟಿಗೆ ಒಂದು ಕಿವಿ ಪೂರ್ತಿ ಕಳೆದುಕೊಂಡವರು. ಮಳೆಯೇ ಬಾರದ ಊರಿನಲ್ಲಿ ಸಿಡಿಲಿಗೆ ಸಿಕ್ಕಿದ ಒಬ್ಬನೇ ಮನುಷ್ಯ ತಾನು ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು. ನನಗೆ ಎರಡರಲ್ಲಿ ಒಂದು ಕೆಟ್ಟಿತ್ತು, ಅವರಿಗೆ ಉಳಿದದ್ದೇ ಒಂದು. ಈ ಲೆಕ್ಕ ತಲೆಗೆ ಬಂದದ್ದೇ ತಡ, ಇನ್ನು ಮನೆಯಲ್ಲಿ ಕೂರಲಾಗಲಿಲ್ಲ. ಅವರ ಮೇಲೆ ಸಿಟ್ಟೂ ಬಂತು. ಯಾರಾದರೂ ಇಷ್ಟು ಒಳ್ಳೆಯವರಿರಬಾರದು, ಮಿಕ್ಕವರಿಗೆ ಕಷ್ಟ.

ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊರಟೆ. ಕೊಡೆ ಆ ಗಾಳಿಯಲ್ಲಿ ಎರಡು ಹೆಜ್ಜೆಗೂ ಬಾಳುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು, ಜಗಲಿಯಿಂದ ಜಗಲಿಗೆ ಓಡಿ ಎಕ್ಸ್‌ಚೇಂಜ್ ಸೇರುವಾಗ ಮೈಯೆಲ್ಲ ತೊಯ್ದಿತ್ತು. ಹಿರಿಯರು ನನ್ನನ್ನು ಕಂಡು ಎದ್ದು ನಿಂತು, ಬರಬಾರದಿತ್ತು ಎಂದರು. ನಾನು ಬಂದದ್ದಕ್ಕೆ ಅವರ ಮುಖದಲ್ಲಿ ಮೂಡಿದ ಸಮಾಧಾನ ಮಾತ್ರ ಮುಚ್ಚಿಡಲು ಆಗಲಿಲ್ಲ. ಅವರ ಮನೆಯದೂ ಹೆಂಚಿನ ಮಾಡು, ಹೆಂಡತಿ ಒಬ್ಬರೇ ಇದ್ದರು.

ಪಾಳಿ ಬಿಡುವಾಗ ಬಾಕಿ ಇರುವ ಕೆಲಸ ಬಾಯಲ್ಲಿ ಹೇಳಿ ಹೋಗುವುದು ರೂಢಿ. ಅವರು ಹೇಳಿದ್ದು ಒಂದೇ. ಹೊನ್ನಾಳಿ ರಸ್ತೆಯ ಹುಣಸೆ ಸಾಲಿನಲ್ಲಿ ಕೊಂಬೆ ಬಿದ್ದು ಕರೆಂಟಿನ ತಂತಿ ಹರಿದಿದೆ, ಲೈನ್‌ಮನ್ ಬೆಳಿಗ್ಗೆ ಇಲ್ಲಿಂದಲೇ ಹೊನ್ನಾಳಿಯ ಕರೆಂಟ್ ಸ್ಟೇಷನ್ನಿಗೆ ಮಾತಾಡಿ ನಾಲ್ಕು ಗಂಟೆಯವರೆಗೆ ಲೈನ್ ಕ್ಲಿಯರ್ ತೆಗೆದುಕೊಂಡು ಹೋಗಿದ್ದಾರೆ. ನಾಲ್ಕಕ್ಕೆ ಬಲ್ಬು ಹತ್ತುತ್ತದೆ ಎಂದು ತಲೆಯ ಮೇಲಿನ ಬಲ್ಬು ತೋರಿಸಿ ಹೋದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೈನ್‌ಮನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಹೇಳಿ ಆ ತಂತಿಯ ಕರೆಂಟು ತೆಗೆಸುತ್ತಾನೆ. ಕೆಲಸ ಮುಗಿಸಿ ಇಳಿದ ಮೇಲೆ ತಾನೇ ಮತ್ತೆ ಮಾತಾಡಿ ಬಿಡಿಸುತ್ತಾನೆ. ಲೈನ್ ಕ್ಲಿಯರ್ ಎಂದರೆ ಇದೇ. ಆದರೆ ನಮ್ಮ ಕಡೆಯ ಲೈನ್‌ಮನ್‌ಗಳು ಗಾಳಿ ಮಳೆಯ ದಿನಗಳಿಗೆಂದು ಬೇರೆಯೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೊದಲೇ ಒಂದು ಹೊತ್ತು ಹೇಳಿಬಿಡುವುದು. ನಾಲ್ಕು ಎಂದು ಹೇಳಿದ್ದರೆ, ಇವರಿಂದ ಮಾತು ಬರಲಿ ಬಾರದಿರಲಿ, ಸ್ಟೇಷನ್ನಿನವರು ನಾಲ್ಕಕ್ಕೆ ಕರೆಂಟು ಬಿಡುತ್ತಿದ್ದರು. ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಇದೇನು ಭಂಡ ಧೈರ್ಯ, ಗಡಿಯಾರವನ್ನು ನಂಬಿ ಕಂಬ ಹತ್ತುವವರೂ ಇದ್ದಾರೆಯೇ ಎಂದು ಹಿರಿಯರ ಮುಂದೆ ಮೂಗು ಮುರಿದಿದ್ದೆ.

ಅವರು ಹೋದ ಮೇಲೆ ನಾನು ಹೆಡ್‌ಸೆಟ್ಟು ಮೊಳೆಗೆ ಹಾಕಿ ಕುಳಿತೆ. ಒಂದೊಂದು ಮಿಂಚಿಗೂ ಶಟರುಗಳು ಬಿದ್ದವು, ಎದ್ದು ದಬ್ಬಿದೆ. ಹಿಂದಿನ ಕೋಣೆಯಲ್ಲಿ ಫ್ಯೂಸುಗಳ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಮೂರು ಗಂಟೆಯ ನಂತರ ಆಲಿಕಲ್ಲು ನಿಂತು ಮಳೆ ಕಡಿಮೆಯಾಯಿತು. ಆದರೆ ಗುಡುಗು ನಿಲ್ಲಲಿಲ್ಲ. ಆಗ ಒಬ್ಬ ಮನುಷ್ಯ ಸೈಕಲ್ಲನ್ನು ಮೆಟ್ಟಿಲ ಮೇಲೆ ಕೆಡವಿ ಒಳಗೆ ಬಂದ. ಲೈನ್‌ಮನ್ ಜೊತೆಯ ಗ್ಯಾಂಗಿನವನು. ಉಸಿರು ಸಿಕ್ಕುತ್ತಿರಲಿಲ್ಲ ಅವನಿಗೆ.

“ಮಳೆಗೆ ಕೆಲಸ ನಿಂತು ಹೋತು ಅಕ್ಕಾರೆ. ನಾಲ್ಕಕ್ಕೆ ಮುಗಿಯಾದಿಲ್ಲ. ಅವರು ಮತ್ತೆ ಕಂಬ ಹತ್ತ್ಯಾರೆ. ತಾವೇ ಬಂದು ಮಾತಾಡೋತನಕ ಕರೆಂಟ್ ಬಿಡಬ್ಯಾಡ್ರಿ ಅಂತ ಸ್ಟೇಷನ್ನಿಗೆ ಹೇಳ್ಬೇಕಂತೆ.”

ಗುಡುಗು ಒಂದಿಷ್ಟು ದೂರ ಹೋಗಲಿ, ನೋಡುತ್ತೇನೆ ಎಂದೆ. ಅವನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹೆಡ್‌ಸೆಟ್ಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಕೆಳಗೆ ಹಗ್ಗ ಹಿಡಿಯಲು ಆಳು ಸಾಲದು, ತಾನು ಹೋಗಲೇಬೇಕು ಎಂದು ಹೇಳಿ ಸೈಕಲ್ಲು ಎತ್ತಿಕೊಂಡು ಹೊರಟುಹೋದ.

ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹೆಚ್ಚು ಹೊತ್ತಿರಲಿಲ್ಲ. ನಾನು ಎದ್ದು ಹೆಡ್‌ಸೆಟ್ಟು ಮುಟ್ಟಿದೆ, ಮಿಂಚು ಹೊಳೆಯಿತು, ಕೈ ತಾನಾಗಿ ಹಿಂದೆ ಬಂತು. ಮನೆಯಿಂದ ಹೊರಡುವಾಗ ಇದ್ದ ಧೈರ್ಯವೆಲ್ಲ ಗಾಳಿಗೆ ಎದುರಾಗುವಷ್ಟು ಮಾತ್ರ ಇತ್ತೆಂದು ಆಗ ಗೊತ್ತಾಯಿತು. ಕಂಬದ ಮೇಲಿನ ಮನುಷ್ಯನನ್ನು ನಾನು ಒಂದೆರಡು ಸಲ ನೋಡಿದ್ದೆ ಅಷ್ಟೆ. ತೆಳ್ಳಗಿನ ವಯಸ್ಸಾದ ಆಸಾಮಿ, ಮಾತಾಡುವಾಗ ಫೋನನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅವರ ಕೈ ತಂತಿಯ ಮೇಲಿರುವಾಗ ನಾಲ್ಕಾಗುವುದನ್ನು ಕಲ್ಪಿಸಿಕೊಂಡೆ. ಹೆಡ್‌ಸೆಟ್ಟು ಮೊಳೆಯಿಂದ ತೆಗೆದೆ.

ಮೊದಲು ಕೆಟ್ಟ ಕಿವಿಯ ಹತ್ತಿರ, ನಾಲ್ಕು ಬೆರಳು ದೂರ ಹಿಡಿದೆ. ಹೋಗುವುದಿದ್ದರೆ ಹೋದದ್ದೇ ಹೋಗಲಿ ಎಂಬ ಲೆಕ್ಕ. ಹೊನ್ನಾಳಿ ಲೈನಿಗೆ ಪ್ಲಗ್ಗು ಚುಚ್ಚಿ ಗಂಟೆ ಬಾರಿಸಿದೆ. ಆ ಕಡೆಯಿಂದ ಒಂದು ಗೊರಗೊರವೂ ಇಲ್ಲ. ಲೈನು ಸತ್ತಿತ್ತು. ಶಿವಮೊಗ್ಗಕ್ಕೆ ಚುಚ್ಚಿದೆ. ಯಾರೋ ಎತ್ತಿದ ಹಾಗಿತ್ತು, ಆದರೆ ಜೀರುಂಡೆಯ ಕೂಗಿನ ನಡುವೆ ಒಂದು ಅಕ್ಷರವೂ ಬಿಡಿಸಲಾಗಲಿಲ್ಲ. ಕಿವಿಗೆ ಒತ್ತಿ ಹಿಡಿದೆ, ಆಗಲೂ ಕೇಳಲಿಲ್ಲ. ಆ ಕಡೆಯವರು ಇಟ್ಟುಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಹೆಡ್‌ಸೆಟ್ಟನ್ನು ತಿರುಗಿಸಿ ಬಲಗಿವಿಗೆ ಹಾಕಿಕೊಂಡೆ. ಹಾಕಿಕೊಳ್ಳುವಾಗ ಕಣ್ಣು ಮುಚ್ಚಿದ್ದೆ.

ಶಿವಮೊಗ್ಗದ ಆಪರೇಟರು ನಾನು ಮುಖ ಕಾಣದ, ದನಿ ಮಾತ್ರ ಬಲ್ಲ ಹೆಣ್ಣುಮಗಳು. ಹೊನ್ನಾಳಿಗೆ ತಮ್ಮ ಲೈನೂ ಹೋಗಿದೆ, ಈ ಗುಡುಗಿನಲ್ಲಿ ನೀನೇಕೆ ಬೋರ್ಡು ಮುಟ್ಟಿದೆ ಎಂದು ಗದರಿಸಿದಳು. ವಿಷಯ ಹೇಳಿದೆ. ಮರುಮಾತಿಲ್ಲದೆ ದಾವಣಗೆರೆಗೆ ಕೊಟ್ಟಳು. ದಾವಣಗೆರೆಯ ಕಡೆ ಆಕಾಶ ಬಿಳಿಯಾಗಿತ್ತಂತೆ. ಅಲ್ಲಿನ ಆಪರೇಟರು, ದಪ್ಪ ದನಿಯ ಗಂಡಸು, ಹೊನ್ನಾಳಿ ಎಕ್ಸ್‌ಚೇಂಜನ್ನು ಹಿಡಿದು, ಅಲ್ಲಿಂದ ಸ್ಟೇಷನ್ನಿಗೆ ಗಂಟೆ ಹೊಡೆಸಿದರು. ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಊರಿಗೆ ಎರಡು ಜಿಲ್ಲೆ ಸುತ್ತಿ ಹೋದ ಹಾಗಾಯಿತು. ಒಂದೊಂದು ಊರು ದಾಟಿದಂತೆಲ್ಲ ದನಿ ತೆಳ್ಳಗಾಗುತ್ತಿತ್ತು. ಸ್ಟೇಷನ್ನಿನಲ್ಲಿ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ. ಕರೆಂಟು ಬಿಡಲು ಆ ಮನುಷ್ಯ ಸ್ವಿಚ್ಚಿನ ಹತ್ತಿರ ಹೋಗಿಬಿಟ್ಟನೇನೋ ಎನಿಸಿತು. ನಾನು ಗಡಿಯಾರದ ಕಡೆ ನೋಡುವುದನ್ನೇ ಬಿಟ್ಟೆ.

ಕೊನೆಗೆ ಎತ್ತಿದರು. ನನ್ನ ಮಾತು ಅವರಿಗೆ ಕೇಳಲಿಲ್ಲ, ಅವರದು ನನಗೆ ಕೇಳಲಿಲ್ಲ. ದಾವಣಗೆರೆಯವರು ನಡುವೆ ನಿಂತು, ನಾನು ಹೇಳಿದ್ದನ್ನು ಪದ ಪದ ಬಿಡಿಸಿ ಅವರಿಗೆ ಹೇಳಿದರು. ನ್ಯಾಮತಿ ಲೈನು. ಕಂಬದ ಮೇಲೆ ಮನುಷ್ಯ ಇದ್ದಾನೆ. ನಾಲ್ಕಕ್ಕೆ ಬಿಡಬೇಡಿ. ಅವನೇ ಬಂದು ಮಾತಾಡುವ ತನಕ ಬಿಡಬೇಡಿ. ಆಮೇಲೆ ನನ್ನ ಕಡೆ ತಿರುಗಿ, “ಆತ್ರೀ, ತಿಳೀತು ಅಂತಾರೆ” ಎಂದರು.

“ತಿಳೀತು ಅಂದ್ರೆ ಸಾಲದು. ಏನು ತಿಳೀತು ಅಂತ ಅವರ ಬಾಯಲ್ಲಿ ಹೇಳಿಸ್ರಿ” ಎಂದೆ.

ಟ್ರಂಕ್ ಲೈನಿನಲ್ಲಿ ನಂಬರನ್ನು ತಿರುಗಿ ಹೇಳಿಸದೆ ಕರೆ ಕೊಡಬಾರದು ಎಂದು ಕಲಿತ ಅಭ್ಯಾಸ ಅದು. ದಾವಣಗೆರೆಯವರು ಕೇಳಿದರು. ಆ ಕಡೆಯ ಉತ್ತರವನ್ನು ನನಗೆ ಒಪ್ಪಿಸಲು ಬಾಯಿ ತೆರೆದರು. ‘ನ್ಯಾಮತಿ’ ಎನ್ನುವಷ್ಟು ಕೇಳಿತು.

ಆಮೇಲೆ ಆದದ್ದನ್ನು ಸದ್ದು ಎನ್ನಲು ಬರುವುದಿಲ್ಲ. ತಲೆಯ ಬಲಭಾಗಕ್ಕೆ ಯಾರೋ ಕೊರಡಿನಿಂದ ಬಾರಿಸಿದ ಹಾಗಾಯಿತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಶಟರುಗಳೆಲ್ಲ ಬಿದ್ದಿದ್ದವು, ಆದರೆ ಅವು ಬಿದ್ದ ಸದ್ದು ನನಗೆ ಕೇಳಿರಲಿಲ್ಲ. ಮಳೆ ಸುರಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಬಾಯಿ ತೆರೆದು ಅಮ್ಮಾ ಎಂದೆ, ಅದೂ ಕೇಳಲಿಲ್ಲ. ಹೆದರಿಕೆ ಎಂದರೆ ಏನೆಂದು ಅಂದು ತಿಳಿಯಿತು.

ಟ್ರಂಕ್ ಲೈನಿನ ಫ್ಯೂಸು ಕರಗಿ ಹೋಗಿತ್ತು. ಹೊಸದು ಹಾಕಿದರೂ ಪ್ರಯೋಜನವೇನು, ಕೇಳಿಸಿಕೊಳ್ಳುವ ಕಿವಿಯೇ ಇರಲಿಲ್ಲ. ಸ್ಟೇಷನ್ನಿನವರಿಗೆ ಪೂರ್ತಿ ತಿಳಿಯಿತೋ, ಅರ್ಧ ತಿಳಿಯಿತೋ, ಹಾಂ ಹೂಂ ಎಂದು ಸುಮ್ಮನೆ ಅಂದರೋ ಗೊತ್ತಾಗುವ ಹಾಗಿರಲಿಲ್ಲ. ನನಗೆ ಉಳಿದದ್ದು ಆ ಬಲ್ಬು ಮಾತ್ರ. ಅದು ಹತ್ತಿದರೆ ತಂತಿಗೆ ಕರೆಂಟು ಬಂದಿತೆಂದೇ ಅರ್ಥ. ಗಡಿಯಾರ ನೋಡಿದೆ. ನಾಲ್ಕಾಯಿತು. ಬಲ್ಬು ಹತ್ತಲಿಲ್ಲ. ಇಡೀ ಊರು ಕರೆಂಟು ಬರಲಿ ಎಂದು ಕಾಯುತ್ತಿದ್ದಾಗ ನಾನೊಬ್ಬಳು ಬರಬಾರದೆಂದು ಕೈಮುಗಿದು ಕೂತಿದ್ದೆ. ನಾಲ್ಕೂವರೆಯಾಯಿತು. ಮಳೆ ನಿಂತಿತು. ಬಲಗಿವಿಯಲ್ಲಿ ಎಲ್ಲೋ ಆಳದಲ್ಲಿ ಗಡಿಯಾರದ ಟಿಕ್ ಟಿಕ್ ಕೇಳತೊಡಗಿತು. ಆಗ ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಗಡಿಯಾರಕ್ಕೇ ಕೈಮುಗಿದೆ. ಸ್ಟೇಷನ್ನಿನವರು ತಿಳಿದುಕೊಂಡಿದ್ದಾರೆ, ಮನುಷ್ಯ ಉಳಿದ ಎಂದುಕೊಂಡೆ.

ಐದರ ಹೊತ್ತಿಗೆ ಬಲ್ಬು ಫಕ್ಕನೆ ಹತ್ತಿತು.

ಬೀದಿಯಲ್ಲಿ ಜನ ಖುಷಿಯಿಂದ ಕೂಗಿದ್ದು ನೀರೊಳಗಿನ ದನಿಯ ಹಾಗೆ ಕೇಳಿತು. ಲೈನ್‌ಮನ್ ಬಂದು ಮಾತಾಡಿಲ್ಲ. ಊರಿನಿಂದ ಒಂದು ಮಾತು ಹೊರಗೆ ಹೋಗಬೇಕಾದರೂ ನನ್ನ ಬೋರ್ಡನ್ನು ದಾಟಿಯೇ ಹೋಗಬೇಕು, ಆ ಬೋರ್ಡು ಸತ್ತು ಬಿದ್ದಿದೆ. ಹಾಗಾದರೆ ಈ ಕರೆಂಟನ್ನು ಯಾರ ಮಾತಿನ ಮೇಲೆ ಬಿಟ್ಟರು? ಅರ್ಧ ಕೇಳಿಸಿಕೊಂಡು, ಐದಕ್ಕೆ ಎಂದು ತಿಳಿದು ಬಿಟ್ಟರೇ? ಎಕ್ಸ್‌ಚೇಂಜ್ ಬಿಟ್ಟು ಏಳುವುದು ನೌಕರಿಗೇ ಕುತ್ತು ತರುವ ತಪ್ಪು. ನಾನು ಬಾಗಿಲು ಎಳೆದುಕೊಂಡು ಹೊನ್ನಾಳಿ ರಸ್ತೆಗೆ ಓಡಿದೆ. ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಬಿಟ್ಟು ಓಡಿದೆ.

ಅಕ್ಕಿ ಗಿರಣಿ ದಾಟುವಷ್ಟರಲ್ಲಿ ಎದುರಿಗೆ ಆ ತೆಳ್ಳಗಿನ ಮನುಷ್ಯ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದರು. ಹಿಂದೆ ಸೈಕಲ್ಲು ತಳ್ಳಿಕೊಂಡು ಗ್ಯಾಂಗಿನವನು. ಅವರನ್ನು ಕಂಡದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಡುರಸ್ತೆಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ತಿಳಿಯದು. ಗಿರಣಿಯವರೆಲ್ಲ ಹೊರಗೆ ಬಂದು ನೋಡಿದರು.

ಅವರು ಬೈಸಿಕೊಂಡು, ನನಗೆ ಕೇಳುವುದಿಲ್ಲವೆಂದು ತಿಳಿದು ಹತ್ತಿರ ಬಂದು ಗಟ್ಟಿಯಾಗಿ ಹೇಳಿದರು. ಸೈಕಲ್ಲಿನವನು ತಿರುಗಿ ಹೋಗಿ, ಹೆಡ್‌ಸೆಟ್ಟು ಮೊಳೆಯಲ್ಲಿತ್ತು ಎಂದನಂತೆ. ಫೋನಿನ ಆಸೆ ಬಿಟ್ಟು, ಆ ದಾರಿಯಲ್ಲಿ ಬಂದ ಲಾರಿಯೊಂದರಲ್ಲಿ ಇನ್ನೊಬ್ಬ ಆಳನ್ನು ಹೊನ್ನಾಳಿಗೆ ಕಳಿಸಿದರಂತೆ, ನಾಲ್ಕಕ್ಕಲ್ಲ, ಐದಕ್ಕೆ ಬಿಡಿ ಎಂದು ಹೇಳಲು. ಬಲ್ಬು ಐದಕ್ಕೆ ಹತ್ತಿದ್ದು ಆ ಆಳಿನ ಮಾತಿನ ಮೇಲೆ. ದಾರಿಯ ಉದ್ದಕ್ಕೂ ಮರ ಬಿದ್ದಿದ್ದವು. ಲಾರಿ ನಾಲ್ಕರೊಳಗೆ ಮುಟ್ಟುವ ಹಾಗಿರಲಿಲ್ಲ ಎಂದು ಅವರಿಗೂ ಗೊತ್ತಿತ್ತು.

“ಗೊತ್ತಿದ್ದೂ ಕಂಬದ ಮೇಲೇ ಇದ್ರಾ?” ಎಂದೆ.

“ಅರ್ಧಕ್ಕೆ ಬಿಟ್ಟು ಇಳಿದ್ರೆ ತಂತಿ ರಸ್ತೆ ಮ್ಯಾಲೆ ಬೀಳ್ತಿತ್ತು ತಂಗಿ. ನಾಲ್ಕಕ್ಕೆ ಕರೆಂಟ್ ಬಂದ್ರೆ ಹಾದಿಗೆ ಹೋಗೋರು ಸಾಯ್ತಿದ್ರು. ಎಷ್ಟು ಗಂಟೆ ಆತು ಅಂತ ಕೆಳಗಿನೋರನ್ನ ನಾನು ಕೇಳಲಿಲ್ಲ. ಕೇಳಿದ್ರೆ ಕೈ ನಡುಗ್ತಾವೆ.”

ನಾಲ್ಕಕ್ಕೆ ಬಿಡಬೇಡಿ ಎಂದು ನಾನು ಹೇಳಿಸಿದ್ದೆ ಎಂದೆ. ಶಿವಮೊಗ್ಗ, ದಾವಣಗೆರೆ, ಎಲ್ಲ ಹೇಳಿದೆ. ಅವರು ಹಗ್ಗವನ್ನು ಹೆಗಲಿಂದ ಇಳಿಸಿ ರಸ್ತೆಯ ಮೇಲಿಟ್ಟರು. ಸ್ವಲ್ಪ ಹೊತ್ತು ನನ್ನ ಬರಿಗಾಲನ್ನೇ ನೋಡುತ್ತಿದ್ದು, ಕಣ್ಣು ಒರೆಸಿಕೊಂಡರು. ಅಲ್ಲಿಗೆ ನಿಲ್ಲಿಸಬೇಕಿತ್ತು ನಾನು. ಆದರೆ ಸಿಟ್ಟು ಇನ್ನೂ ಆರಿರಲಿಲ್ಲ. ಇನ್ನು ಮುಂದೆ ಹೊತ್ತು ಹೇಳಿ ಕಂಬ ಹತ್ತಬೇಡಿ, ಇಂಥ ಹುಚ್ಚು ಪದ್ಧತಿ ಯಾರು ಕಲಿಸಿದರು ನಿಮಗೆ ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

“ಮೊದಲು ಹಂಗಿರಲಿಲ್ಲ ತಂಗಿ. ಗುಡುಗಿದಾಗ ನೀವು ಫೋನಿನೋರು ಎತ್ತಾದು ಬಿಟ್ರಲ್ಲ, ಆಮ್ಯಾಕೆ ಟೈಮು ಹೇಳಾಕೆ ಶುರು ಮಾಡಿದ್ವಿ.”

ಅವರು ಹಗ್ಗ ಎತ್ತಿಕೊಂಡು ನಡೆದರು. ಬೀದಿ ದೀಪಗಳು ಹತ್ತಿದ್ದವು, ಗಿರಣಿ ಶುರುವಾಗಿತ್ತು, ಜನ ನಗುತ್ತಾ ಮನೆ ಮುಂದೆ ಬಿದ್ದ ಕೊಂಬೆಗಳನ್ನು ಎಳೆಯುತ್ತಿದ್ದರು. ನಾನು ಅಳುತ್ತಾ ಎಕ್ಸ್‌ಚೇಂಜಿಗೆ ಹೋದೆ. ಆಕಾಶದಲ್ಲಿ ಇನ್ನೂ ಮಿಂಚಿತ್ತು.